ಕೆಂಪು ಗೆರೆಯ ಮುಳ್ಳು

ಐದನೆಯ ಭಾನುವಾರವೂ ಎಂಜಿನ್ನಿನ ಶಾಖ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಡ್ರಾಯಿಂಗ್ ಮೇಷ್ಟ್ರು ಎಂಜಿನ್ ಆರಿಸಿ, ಏಳು ವರ್ಷ ಶೆಡ್ಡಿನಲ್ಲಿ ಕೂತು ಕಟ್ಟಿದ ಪುಟ್ಟ ವಿಮಾನದಿಂದ ಇಳಿದು ತಲೆ ಕೆರೆದುಕೊಂಡರು. ಬೇಲಿಗೆ ಒರಗಿ ಕಡಲೆಕಾಯಿ ಬಿಡಿಸುತ್ತಿದ್ದ ಹೆಂಡತಿಯ ಅಣ್ಣ ಕೇಳಿದ:

"ಏನು ಭಾವ, ಇದು ಹಾರೋದಾ, ಇಲ್ಲ ಕೂತು ಮೊಟ್ಟೆ ಇಡೋದಾ?"

ಮೇಷ್ಟ್ರ ಹೆಂಡತಿ ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಳು. ಎಂಜಿನ್ ಯಾಕೆ ಕಾಯುತ್ತಿದೆ ಎಂದು ಆಕೆಗೆ ಮೂರು ವಾರದಿಂದ ಗೊತ್ತಿತ್ತು. ಮುಂದಿನಿಂದ ನುಗ್ಗುವ ಗಾಳಿ ಎಂಜಿನ್ನಿನ ಮೈ ಸವರಿಕೊಂಡೇ ಹೋಗಲಿ ಎಂದು ಸುತ್ತ ತಗಡಿನ ಗೋಡೆ ಕಟ್ಟಿದ್ದರು. ತಗಡಿಗೂ ಮೇಲಿನ ಮುಚ್ಚಳಕ್ಕೂ ನಡುವಿನ ಸಂದಿಗೆ ರಬ್ಬರ್ ಪಟ್ಟಿ. ಅದು ಮುಂದಕ್ಕೆ ಬಾಗಿದ್ದರೆ ಬಂದ ಗಾಳಿಯೇ ಒತ್ತಿ ಸಂದಿ ಮುಚ್ಚುತ್ತದೆ. ಮೇಷ್ಟ್ರ ಪಟ್ಟಿ ಹಿಂದಕ್ಕೆ ಮಡಚಿಕೊಂಡಿತ್ತು, ಗಾಳಿ ಅದನ್ನು ತಳ್ಳಿಕೊಂಡು ಸಲೀಸಾಗಿ ಪರಾರಿಯಾಗುತ್ತಿತ್ತು. ಸಾವಿರಾರು ಕಾಲರ್ ಮಡಚಿದವಳಿಗೆ ಅಷ್ಟು ತಿಳಿಯದೇ? ಮೇಷ್ಟ್ರು ಎಣ್ಣೆ ಬದಲಿಸಿದರು, ಮೀಟರ್ ಬದಲಿಸಿದರು, ಹೆಂಡತಿಯನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೂ ಆಕೆ ಹೇಳುತ್ತಿರಲಿಲ್ಲ. ಎಂಜಿನ್ ಕಾಯುವಷ್ಟು ದಿನ ಯಜಮಾನರು ನೆಲದ ಮೇಲಿರುತ್ತಾರೆ, ಆಕೆಗೆ ಬೇಕಾಗಿದ್ದೂ ಅಷ್ಟೇ.

ಆದರೆ ಮೊಟ್ಟೆಯ ಮಾತು ಮೇಷ್ಟ್ರಿಗೆ ನಾಟಿತು. "ಮುಂದಿನ ಭಾನುವಾರ ಹಾರೇ ಹಾರ್ತೀನಿ. ಮುಳ್ಳು ಎಲ್ಲಿ ಬೇಕಾದರೂ ಇರಲಿ" ಎಂದುಬಿಟ್ಟರು.

ಟೈಲರಮ್ಮ ಬಾಯಿಗೊತ್ತಿದ್ದ ಸೆರಗು ಬಿಟ್ಟಳು. ಕಾದ ಎಂಜಿನ್ ಆಕಾಶದಲ್ಲಿ ಕೈಕೊಟ್ಟರೆ ಗತಿಯೇನು? ವಾರವಿಡೀ ಬೇಡವೆಂದು ಅಂಗಲಾಚಿದಳು. ಮೇಷ್ಟ್ರು ಮೀಸೆ ತಿರುವಿದರೇ ಹೊರತು ಬಗ್ಗಲಿಲ್ಲ. ಶನಿವಾರ ಅವರು ಕ್ಷೌರಕ್ಕೆ ಹೋದದ್ದೇ ತಡ, ಆಕೆ ಶೆಡ್ಡಿಗೆ ನುಗ್ಗಿ, ಮುಚ್ಚಳ ಬಿಚ್ಚಿ, ಪಟ್ಟಿಯನ್ನು ಉದ್ದಕ್ಕೂ ಮುಂದಕ್ಕೆ ಮಡಚಿ, ಮೊದಲಿನಂತೆ ಮುಚ್ಚಿ ಬಂದಳು. ಹಾರುವುದೇ ಹಣೆಯಲ್ಲಿ ಬರೆದಿದ್ದರೆ ತಣ್ಣಗೆ ಹಾರಿ ತಣ್ಣಗೆ ಇಳಿಯಲಿ ಎಂದುಕೊಂಡಳು.

ಭಾನುವಾರ ಎಂಜಿನ್ ಹತ್ತು ನಿಮಿಷ ಓಡಿತು, ಇಪ್ಪತ್ತು ನಿಮಿಷ ಓಡಿತು. ಮುಳ್ಳು ಹಸಿರಿನಲ್ಲೇ ಜಪಕ್ಕೆ ಕೂತಂತೆ ಕೂತಿತ್ತು. ಮೇಷ್ಟ್ರ ಮುಖ ಮಾತ್ರ ಇಂಗು ತಿಂದ ಮಂಗನದು. ಎಂಜಿನ್ ಆರಿಸಿ ಇಳಿದವರೇ ಹೆಂಡತಿಯನ್ನು ವಿಮಾನದ ಬಾಲದ ಹಿಂದಕ್ಕೆ ಕರೆದರು.

"ಮುಚ್ಚಳ ತೆಗೆದವರು ಯಾರು?"

"ನಾನೇ ರೀ. ರಬ್ಬರ್ ಪಟ್ಟಿ ಉಲ್ಟಾ ಇತ್ತು, ಸರಿಮಾಡಿದೆ."

"ಬೇಕೂಂತಲೇ ಉಲ್ಟಾ ಮಡಚಿದ್ದು ಕಣೇ," ಮೇಷ್ಟ್ರು ಬೇಲಿಯತ್ತ ಕಳ್ಳನೋಟ ಬೀರಿ ಪಿಸುಗುಟ್ಟಿದರು. "ಕಟ್ಟೋವಾಗ ಏನೂ ಅನ್ನಿಸಲಿಲ್ಲ. ಹಾರೋದು ಅಂತ ಒಳಗೆ ಕೂತರೆ ಕಾಲು ನಡುಗುತ್ತೆ. ಐದು ವಾರದಿಂದ ಆ ಪಟ್ಟಿಯೇ ನನ್ನ ಮಾನ ಕಾಪಾಡ್ತಿತ್ತು. ಇವತ್ತೂ ಮುಳ್ಳು ಕೆಂಪಿಗೆ ಹೋದರೆ ನೀವೇ ಕೈಹಿಡಿದು ತಡೀತೀರಿ ಅಂತಲೇ ಅಷ್ಟು ಧೈರ್ಯವಾಗಿ ಮಾತಾಡಿದ್ದು."

ಟೈಲರಮ್ಮ ಗಂಡನನ್ನೇ ನೋಡಿದಳು. ಮದುವೆಯ ದಿನವೂ ಆಕೆಗೆ ಅವರ ಮೇಲೆ ಇಷ್ಟು ಪ್ರೀತಿ ಉಕ್ಕಿರಲಿಲ್ಲ. ಅಷ್ಟರಲ್ಲಿ ಅಣ್ಣ ಬೇಲಿ ದಾಟಿ ಒಳಗೇ ಬರುತ್ತಿದ್ದ, ಇನ್ನೇನು ತಡ ಎಂದು ಕೇಳುತ್ತಾ.

ಆಕೆ ನೆಟ್ಟಗೆ ಎಂಜಿನ್ ಬಳಿ ಹೋಗಿ, ಮುಚ್ಚಳಕ್ಕೆ ಕೈ ತಾಗಿಸಿ, ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಸುಡ್ತಾ ಇದೆ ಅಣ್ಣ. ಇವತ್ತು ಬೇಡ" ಎಂದು, ಏನೂ ಆಗದ ಎರಡು ಬೆರಳುಗಳನ್ನು ಉಫ್ ಉಫ್ ಎಂದು ಊದತೊಡಗಿದಳು.