ಕಡಲು ಕಾಣುವ ಕೋಣೆ

ಸಮುದ್ರವನ್ನು ಮೊದಲ ಸಲ ನೋಡುವಾಗ ಇಬ್ಬರೂ ಕೈ ಹಿಡಿದುಕೊಂಡೇ ನೋಡೋಣವೆಂದು, ಸ್ಪೇನಿನ ಶಾಲೆಗೆ ಪಾಠ ಹೇಳಲು ಹೊರಟ ದಿನ ವಾರಿಜ ಮಗಳಿಗೆ ಮಾತು ಕೊಟ್ಟಿದ್ದಳು. ಅದಾಗಿ ಮೂರು ವರ್ಷ.

ಈ ಹಬ್ಬದ ರಜೆಗೆ ಜೊತೆಯ ಟೀಚರುಗಳು ಅವಳನ್ನು ಬಿಡದೆ ಕಡಲತೀರದ ಊರಿಗೆ ಎಳೆದುಕೊಂಡು ಬಂದರು. ತಲುಪಿದಾಗ ಕತ್ತಲಾಗಿತ್ತು. ಬೆಳಿಗ್ಗೆ ಅವಳು ಕೋಣೆಯ ಪರದೆಯನ್ನೇ ತೆಗೆಯಲಿಲ್ಲ.

"ಇಷ್ಟು ದೂರ ಬಂದು ಗೋಡೆ ನೋಡ್ತಾ ಕೂರ್ತೀಯಾ?" ಗೆಳತಿ ಛೇಡಿಸಿದಳು.

"ನನ್ ಮಗಳು ಬರ್ಲಿ, ಆಮೇಲೆ."

ಅಷ್ಟರಲ್ಲಿ ಮಗಳದೇ ವಿಡಿಯೋ ಕಾಲ್ ಬಂತು. ಕೂದಲ ತುಂಬ ಮರಳು.

"ಅಮ್ಮಾ, ಚಿಕ್ಕಮ್ಮ ಮಲ್ಪೆಗೆ ಕರ್ಕೊಂಡ್ ಬಂದಿದಾರೆ! ಸಮುದ್ರ ಎಷ್ಟ್ ದೊಡ್ಡದು ಗೊತ್ತಾ! ಇಬ್ರೂ ಕೈ ಹಿಡ್ಕೊಂಡೇ ಅಲೆಗೆ ಹೋದ್ವಿ."

"ಹೌದಾ ಪುಟ್ಟೀ?"

"ನೀನಂತೂ ಅಲ್ಲಿ ದಿನಾ ನೋಡ್ತೀಯ, ಅಲ್ವಾ?"

"ಹೂಂ, ದಿನಾ ನೋಡ್ತೀನಿ."

ಫೋನ್ ಇಟ್ಟ ಮೇಲೆ ವಾರಿಜ ಎದ್ದು, ಪರದೆ ಸರಿಸಿ, ಒಬ್ಬಳೇ ಸಮುದ್ರ ನೋಡಿದಳು.