ಚಾಚಿದ ಕಾಲು

ಮಕೋಖಾನ ಬೈಕಿಗೆ ಹಾರ್ನ್ ಇರಲಿಲ್ಲ. ಎದುರು ಬರುವ ಬಾಡಿಗೆ ಬೈಕಿನವರು ಎರಡು ಸಲ ಪೀಂಪೀಂ ಅಂದರೆ ಅವನು ಗದ್ದ ಎತ್ತಿ ಉತ್ತರ ಕೊಡುತ್ತಿದ್ದ. ಬುಂಗೋಮಾ ರಸ್ತೆಯಲ್ಲಿ ಅದೇ ನಮಸ್ಕಾರ. ಕೊಡದವನು ಸೊಕ್ಕಿನವನು.

ನೈರೋಬಿಯ ದೊಡ್ಡ ಬೈಕಿನವರು ಕೊಡುತ್ತಿರಲಿಲ್ಲ. ಶನಿವಾರ ಎಲ್ಗನ್ ಬೆಟ್ಟಕ್ಕೆ ಹೋಗಿ ಮೇಕೆ ಮಾಂಸ ಸುಟ್ಟು ತಿನ್ನುವ ಜನ. ತಮ್ಮತಮ್ಮೊಳಗೆ ಮಾತ್ರ ಎಡಗೈಯ ಎರಡು ಬೆರಳು ಕೆಳಗೆ ಚಾಚುತ್ತಿದ್ದರು.

ಇವತ್ತೂ ಎದುರಿಗೆ ಎಂಟು ಬೈಕುಗಳ ಸಾಲು ಕಂಡಿತು.

“ಬಂದ್ರು ನೋಡು, ಸೋಫಾ ಮೇಲೆ ಕೂತ್ಕೊಂಡು.”

“ನಿಂಗೆ ಹೊಟ್ಟೆಕಿಚ್ಚು ಕಣಣ್ಣ,” ಅಂದಳು ಹಿಂದೆ ಕೂತ ತಂಗಿ ನಾಲಿಯಾಕಾ. ಹತ್ತು ಗಂಟೆಗೆ ಅವಳಿಗೆ ನರ್ಸಿಂಗ್ ಶಾಲೆಯಲ್ಲಿ ಸಂದರ್ಶನ. ಎರಡು ವರ್ಷ ಕಾದು ಸಿಕ್ಕ ಕರೆ.

“ಯಾವುದಕ್ಕೆ? ಆ ಚರ್ಮದ ಚಡ್ಡಿಗಾ? ಥೂ!”

ಮೊದಲನೆಯವನು ವೇಗ ತಗ್ಗಿಸಿದ. ಮಕೋಖಾನನ್ನೇ ದಿಟ್ಟಿಸಿದ. ಬಲಗಾಲು ಎತ್ತಿ ಅವನ ಕಡೆಗೆ ಚಾಚಿದ. ಬೂಟಿನ ಅಟ್ಟೆ ಕಂಡಿತು.

ಎರಡನೆಯವನೂ ಕಾಲು ಚಾಚಿದ. ಮೂರನೆಯವನೂ.

“ಕಾಲು ತೋರಿಸ್ತಾರೆ ಕಣೇ! ನಾಯಿ ಓಡ್ಸೋ ಹಾಗೆ!”

“ಬಿಡಣ್ಣ, ರಸ್ತೆ ನೋಡು.”

ಎಂಟನೆಯವನು ಕಾಲು ಅಲ್ಲಾಡಿಸಿಯೂ ತೋರಿಸಿದ. ಮಕೋಖಾ ಬಾಯಿ ತುಂಬ ಉಗಿದ. ಉಗುಳು ಆ ಬೂಟಿನ ಮೇಲೆ ಬಿತ್ತು. ಅವನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾಚಿಕೆಗೆಟ್ಟವರು. ಮಕೋಖಾ ಆಕ್ಸಿಲರೇಟರನ್ನು ಪೂರ್ತಿ ತಿರುವಿದ.

“ನಿಧಾನ! ನಿಧಾನ ಕಣಣ್ಣ!”

ತಿರುವಿನಾಚೆ ಸಕ್ಕರೆ ಕಾರ್ಖಾನೆಯಿಂದ ಹೊರಟಿದ್ದ ಕಾಕಂಬಿ ಟ್ಯಾಂಕರ್ ಕೆಟ್ಟು ನಿಂತಿತ್ತು. ಅದರಿಂದ ಸೋರಿದ ಕಪ್ಪು ಲೋಳೆ ಅವನ ಬದಿಯ ರಸ್ತೆಯನ್ನೆಲ್ಲ ಮುಚ್ಚಿತ್ತು. ಅದರ ಮೇಲೆ ನೊಣ. ಬೈಕ್ ಜಾರಿ ಟ್ಯಾಂಕರಿನ ಕೆಳಗೆ ನುಗ್ಗಿತು.

ಸದ್ದು ಕೇಳಿ ಎಂಟೂ ಜನ ವಾಪಸು ಬಂದರು. ಉಗುಳು ಬಿದ್ದ ಬೂಟಿನವನು ತನ್ನ ಬೆಲ್ಟ್ ಬಿಚ್ಚಿ ನಾಲಿಯಾಕಾಳ ತೊಡೆಗೆ ಬಿಗಿದ.

“ಅಷ್ಟೂ ಜನ ತೋರಿಸಿದ್ವಲ್ಲೋ ಮಾರಾಯ, ನಿನ್ನ ಬದೀಲಿ ರಸ್ತೆ ಜಾರತ್ತೆ ಅಂತ! ಬಲಗೈ ಆಕ್ಸಿಲರೇಟರ್ ಬಿಡೋಕಾಗಲ್ಲ. ಕಾಲಲ್ಲಿ ಅಲ್ದೆ ಇನ್ಯಾವುದ್ರಲ್ಲಿ ತೋರ್ಸೋದು? ಬೈಕಿನವರು ಬೈಕಿನವರಿಗೆ ಹೇಳೋದೇ ಹಾಗಲ್ವೇನೋ?”

ಮಕೋಖಾನ ಎರಡು ಹಲ್ಲು ಹೋದವು. ನಾಲಿಯಾಕಾಳ ಒಂದು ಕಾಲು.