ಮಿಕ್ಕ ಇಬ್ಬರು

"ದರ್ಜಿಯೇ ಕೊಲೆಗಾರ ಅನ್ನುವವರು ಕೈ ಎತ್ತಿ" ಎಂದಳು ಮಧುಶ್ರೀ. ಸಭಾಂಗಣದ ತುಂಬ ಕೈಗಳು ಎದ್ದವು.

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅವಳು, ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಪತ್ತೆಯಾಗದೆ ಉಳಿದ ಕೊಲೆಗಳ ಬಗ್ಗೆ ಮಾತಾಡುತ್ತಾಳೆಂದರೆ ಊರಿನವರೂ ಬಂದು ಕೂರುತ್ತಿದ್ದರು. ಇವತ್ತಿನದು ಅಂಗಡಿ ನಡೆಸುತ್ತಿದ್ದ ವಿಧವೆಯೊಬ್ಬಳ ಕೊಲೆ. ಅನುಮಾನ ಮೂವರ ಮೇಲೆ. ಸೋದರಳಿಯನಿಗೆ ಆಸ್ತಿಯ ಆಸೆಯಿತ್ತು, ಆದರೆ ಅವತ್ತು ಊರಲ್ಲಿರಲಿಲ್ಲ. ಮಹಡಿಯ ಬಾಡಿಗೆದಾರ ಕುಡುಕ, ಕೈಯಲ್ಲಿ ತ್ರಾಣವಿಲ್ಲದವನು. ಪಕ್ಕದ ಮನೆಯ ದರ್ಜಿಗೆ ಮಾತ್ರ ಅವಳೊಡನೆ ಗೋಡೆಯ ಜಗಳವಿತ್ತು. ಹೆಣ ಎತ್ತುವಾಗ ಅವನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಕೊನೆಯ ಸಾಲಿನಲ್ಲಿದ್ದ ಮುದುಕರೊಬ್ಬರು ಯಾರ ಹೆಸರಿಗೂ ಕೈ ಎತ್ತಿರಲಿಲ್ಲ. "ನಿಮಗೆ ಯಾರ ಮೇಲೆ ಅನುಮಾನ, ಯಜಮಾನ್ರೆ?" ಮಧುಶ್ರೀ ನಗುತ್ತ ಕೇಳಿದಳು.

ಅವರು ಎದ್ದು ನಿಂತರು. "ಮೂವರಲ್ಲಿ ಒಬ್ಬ ಮಾಡಿರ್ಬೌದು ಕಣವ್ವ. ಮಿಕ್ಕಿದ್ ಇಬ್ರು ಆಮೇಲೆ ಎಂಗ್ ಬದುಕುದ್ರು?"

ದನಿಯಿಂದ ಗುರುತು ಹತ್ತಿತು. ತೆರಕಣಾಂಬಿಯ ದೊಡ್ಡಪ್ಪ, ಗುರುಮಲ್ಲಯ್ಯ. ಅವಳು ಚಿಕ್ಕವಳಿದ್ದಾಗ ಅಪ್ಪನನ್ನು ಯಾರೋ ಹೊಲದಲ್ಲಿ ಕೊಂದುಹಾಕಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಮಣ್ಣು ಮಾಡುವಾಗ ದೊಡ್ಡಪ್ಪ ಅಳಲಿಲ್ಲ. ಸಾಕ್ಷಿ ಸಿಗದೆ ಪೊಲೀಸರು ಅವರನ್ನು ಬಿಟ್ಟರು, ಊರಿನವರು ಬಿಡಲಿಲ್ಲ. ಅಮ್ಮ ಮಗಳನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಬಂದವಳು, ಭಾವನ ಹೆಸರೆತ್ತಿದರೆ ಈಗಲೂ ಎದ್ದು ಹೋಗುತ್ತಿದ್ದಳು.

ಎಲ್ಲ ಮುಗಿದ ಮೇಲೆ ನೋಡಿದರೆ ದೊಡ್ಡಪ್ಪ ಇರಲಿಲ್ಲ; ಮಧುಶ್ರೀ ಬಸ್ ಸ್ಟಾಂಡಿಗೆ ಓಡಿದಳು. ದೊಡ್ಡಪ್ಪ ಕಲ್ಲುಬೆಂಚಿನ ಮೇಲೆ ಕೂತಿದ್ದರು. "ದೊಡ್ಡಪ್ಪ, ಅವತ್ತು..." ಎಂದಳು.

"ನಾನ್ ಮಾಡ್ಲಿಲ್ಲ ಅಂತ ಯೋಳಕ್ಕೆ ಬಂದಿಲ್ಲ ಕಣವ್ವ. ಅದ್ನ ಯೋಳಿ ಯೋಳಿ ಸಾಕಾಗೋಯ್ತು. ಚೆನ್ನಾಗಿ ಮಾತಾಡ್ತೀಯಂತೆ, ನೋಡ್ಕಂಡು ಓಗನ ಅಂತ ಬಂದೆ."

"ನಯನಾ ಹೇಗಿದಾಳೆ?" ದೊಡ್ಡಪ್ಪನ ಮಗಳು ನಯನಾಳೂ ಅವಳೂ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರು.

"ನೋಡಕ್ಕೆ ಬಂದ ಗಂಡುಗಳೆಲ್ಲ ಊರ ಬಾಗ್ಲಲ್ಲೇ ಇಚಾರಿಸ್ಕಂಡು ವಾಪಸ್ ಓದ್ರು. ಈಗ ಯಾರೂ ಬರಲ್ಲ."

ಮಧುಶ್ರೀಗೆ ತಲೆ ಎತ್ತಲಾಗಲಿಲ್ಲ. ಲಂಡನ್ನಿನ ಆ ಗೋಡೆ ಎಷ್ಟು ಎತ್ತರವಿತ್ತೆಂದು ಹುಡುಕಿ ಹುಡುಕಿ ಓದಿದವಳು, ಅರ್ಧ ಗಂಟೆ ದಾರಿಯ ತೆರಕಣಾಂಬಿಗೆ ಊರು ಬಿಟ್ಟ ಮೇಲೆ ಒಮ್ಮೆಯೂ ಹೋಗಿರಲಿಲ್ಲ. ನಂಬರ್ ಕೇಳಿ ಅಲ್ಲೇ ಫೋನ್ ಮಾಡಿದಳು.

"ನಯನಾ, ನಾನು ಮಧು. ದೊಡ್ಡಪ್ಪ ನನ್ನ ಜೊತೆ ಇದಾರೆ."

ನಯನಾ ಮೆಲ್ಲಗೆ ಕೇಳಿದಳು: "ಅಪ್ಪ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಿಮ್ಮನೆಗೆ ಕರ್ಕಂಡೋಗಿ ಊಟಕ್ಕಿಕ್ತೀಯಾ?"

ಮನೆಯಲ್ಲಿ ಅಮ್ಮ ಇದ್ದಳು. ಮಧುಶ್ರೀ ಹೂಂ ಅನ್ನಲಾರದೆ, ಊಹೂಂ ಅನ್ನಲಾರದೆ ಫೋನ್ ಕಿವಿಗೆ ಒತ್ತಿಕೊಂಡು ನಿಂತಳು.

ದೊಡ್ಡಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು.

"ಬಸ್ ಬಂತು ಕಣವ್ವ" ಎಂದರು. ಬಸ್ಸು ಇನ್ನೂ ಬಂದಿರಲಿಲ್ಲ.